ಅಟ್ಟದ ಕಾಯಿಯೂ ಕಪಾಟಿನ ಪುಸ್ತಕವೂ

ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ, ಬಲಿತ ತೆಂಗಿನಕಾಯಿಯನ್ನು ಸುಲಿಯದೆಯೇ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಉಂಡೆಕೊಬ್ಬರಿಯಾಗುವವರೆಗೆ ಸುಮಾರು ಒಂದು ವರ್ಷಕಾಲ ಕಾಪಾಡುವುದು ಪರಂಪರೆಯಿಂದ ಬಂದ ಪದ್ಧತಿ. ಕಾಯಿಗೆ ಪರಿಪಾಕವನ್ನು ತರುವ ಆ ನಿಶ್ಚಲತೆಯೇ ಪುಸ್ತಕಕ್ಕೆ ಒದಗಿದರೆ ಅದು ಗೆದ್ದಲಿನ ಪಾಲಾಗುತ್ತದೆ. ಈ ಸತ್ಯವನ್ನು ನಮ್ಮವರು ಕ್ರಮಕ್ರಮವಾಗಿ ಅರಿತುಕೊಂಡುದೇ ನಮ್ಮ ಗ್ರಂಥಾಲಯಗಳ ಇತಿಹಾಸ.

ಇದೇ ಸೀಮೆಯ ಆಸುಪಾಸಿನಲ್ಲಿ, ತುರುವೇಕೆರೆಯ ಕಡೆಯ ಸಂಪಿಗೆಯಲ್ಲಿ 1884ರಲ್ಲಿ ಕನ್ನಡ ವಿದ್ವಾಂಸರಾದ ಬಿ.ಎಂ.ಶ್ರೀ. ಅವರೂ, ಚಿಕ್ಕನಾಯಕನಹಳ್ಳಿಯ ಕಡೆಯ ತೀರ್ಥಪುರದಲ್ಲಿ 1906ರಲ್ಲಿ ತೀ.ನಂ.ಶ್ರೀ. ಅವರೂ ಜನಿಸಿದರು. ಬೆಂಗಳೂರಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯವು ಸಾರ್ವಜನಿಕರಿಗೆ ತೆರೆದುದು 1915ರಲ್ಲಿ. ಅಂತಹ ವಿದ್ವಾಂಸರನ್ನು ಕೊಟ್ಟ ಹಳ್ಳಿಗಳಿಗೆ ಆ ಭವನವು ಬಹುದೂರ. ಆದುದರಿಂದ ಓದುಗನು ಬರಲಾರದೆಡೆಗೆ ಪುಸ್ತಕವೇ ಹೊರಡಬೇಕಾಯಿತು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನೇ ಗ್ರಂಥಾಲಯ ಶಾಸ್ತ್ರದ ಪ್ರಥಮ ಸೂತ್ರವನ್ನಾಗಿ ನಿಲ್ಲಿಸಿದ ಎಸ್.ಆರ್. ರಂಗನಾಥನ್ ಅವರ ಕಾಲದಲ್ಲಿಯೇ, 1931ರಲ್ಲಿ, ತಮಿಳುನಾಡಿನ ಮನ್ನಾರ್‌ಗುಡಿಯಿಂದ ಪುಸ್ತಕ ತುಂಬಿದ ಎತ್ತಿನ ಗಾಡಿಯು ಸುತ್ತಣ ಹಳ್ಳಿಗಳಿಗೆ ಹೊರಟಿತು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು 'ಬೆಳಕು' ಪತ್ರಿಕೆಯಿಂದಲೂ ಗ್ರಾಮ ಪುಸ್ತಕಾಲಯಗಳಿಂದಲೂ ಹೊಸದಾಗಿ ಅಕ್ಷರ ಕಲಿತವರನ್ನು ಓದಿನಲ್ಲಿ ನೆಲೆಗೊಳಿಸಲು ಶ್ರಮಿಸಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಈ ಕಾರ್ಯಕ್ಕೆ ಶಾಸನದ ಆಧಾರವನ್ನು ಒದಗಿಸಿತು.

ಆದರೆ ಬಾಲ್ಯ ಕಳೆದು ಪ್ರೌಢತೆಗೆ ಇನ್ನೂ ಕಾಲಿಡದ ಹದಿಹರೆಯದವರನ್ನು ಹೆಸರು ಹಿಡಿದು ಗ್ರಂಥಾಲಯಕ್ಕೆ ಕರೆಯುವ ಕೆಲಸವು ತಡವಾಯಿತು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದವು. ಮರುವರ್ಷ, ಸೋಂಕಿನ ಭೀತಿಯಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವು ದೊರೆಯಿತು.

ಸದಸ್ಯತ್ವವು ಬಾಗಿಲನ್ನು ತೆರೆಯಬಲ್ಲದಲ್ಲದೆ ಒಳಗೆ ನಿಲ್ಲಿಸಲಾರದು. ಸದ್ದು ಮಾಡಬೇಡಿರೆಂದು ಗದರಿಸಿ ಬೆಂಚಿನ ಮೇಲೆ ಕೂರಿಸಿದ ಹುಡುಗನು ಮರುದಿನ ಬಾರನು. ಊರಿನ ಕೆರೆಕಟ್ಟೆಗಳ, ಕೊಬ್ಬರಿ ವ್ಯಾಪಾರದ ಕಥೆಯನ್ನು ಅಜ್ಜನಿಂದ ಕೇಳಿ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸುವ, ತೆಂಗಿನ ರೋಗಗಳ ಪುಸ್ತಕವನ್ನು ಓದಿ ತಂದೆಗೆ ತಿಳಿಸುವ, ಚಿಕ್ಕ ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದುವ ಹೊಣೆಯನ್ನು ಅವನಿಗೆ ಒಪ್ಪಿಸಿದರೆ, ಆ ಗ್ರಂಥಾಲಯ ತನ್ನದೆಂದು ತಿಳಿದು ಗೆಳೆಯರನ್ನೂ ಕರೆತರುವನು. ತೋಟದ ಹಿರಿಯರಲ್ಲಿ ನನ್ನದೊಂದು ಪ್ರಾರ್ಥನೆ: ಈ ವಾರವೇ ಮನೆಯ ಮಗನನ್ನೋ ಮಗಳನ್ನೋ ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕರೆದೊಯ್ದು ಹೆಸರು ಬರೆಯಿಸಿರಿ, ಅವರು ಆರಿಸಿದ ಪುಸ್ತಕವನ್ನು ಅವರಿಂದಲೇ ಒಮ್ಮೆ ಓದಿಸಿ ಕೇಳಿರಿ.