ಸೆಲ್ಮಾದ ಬೀದಿ, ವಾಷಿಂಗ್ಟನ್ನಿನ ಕಾನೂನು

ಜನಾಂಗ, ಮೈಬಣ್ಣದ ಕಾರಣಕ್ಕೆ ಯಾರ ಮತದಾನದ ಹಕ್ಕನ್ನೂ ಕಸಿಯುವಂತಿಲ್ಲ ಎಂದು ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಹೇಳಿತ್ತು. ಕೆಲವು ವರ್ಷ ಕಪ್ಪು ಜನ ಮತ ಹಾಕಿದರು ಕೂಡ. ಬಳಿಕ ದಕ್ಷಿಣದ ರಾಜ್ಯಗಳು ಒಂದೊಂದೇ ಅಡ್ಡಗಾಲು ಹಾಕಿ ಆ ಹಕ್ಕನ್ನು ಕಾಗದದ ಮೇಲಷ್ಟೇ ಉಳಿಸಿದವು. ಅದಕ್ಕೆ ಮತ್ತೆ ಜೀವ ಬಂದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ಆ ಕಾಯ್ದೆಯ ಬೇರು ಇರುವುದು ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಪುಟ್ಟ ಊರಿನಲ್ಲಿ.

ನೋಂದಣಿ ಕಚೇರಿಯ ಬಾಗಿಲಲ್ಲಿ

ಸೆಲ್ಮಾದಲ್ಲಿ ಮತದಾರರ ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಅರ್ಜಿ ಹಾಕಲು ಹೋದವರಿಗೆ ಸಾಕ್ಷರತಾ ಪರೀಕ್ಷೆ. ಪಾಸು, ಫೇಲು ಅಧಿಕಾರಿಯ ಮರ್ಜಿ. ಹೀಗಾಗಿ ಅಲ್ಲಿನ ಡಲ್ಲಾಸ್ ಕೌಂಟಿಯಲ್ಲಿ ಅರ್ಹ ಕಪ್ಪು ಜನರ ಪೈಕಿ ಪಟ್ಟಿಯಲ್ಲಿದ್ದವರು ಶೇ 2ರ ಆಸುಪಾಸು.

1965ರ ಜನವರಿ 22ರಂದು ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರು ನೋಂದಣಿ ಕಚೇರಿಯಿದ್ದ ನ್ಯಾಯಾಲಯದ ಕಟ್ಟಡಕ್ಕೆ ಮೆರವಣಿಗೆ ಹೊರಟರು. ಜೈಲಿಗೆ ಹೋಗಲೂ ಸಿದ್ಧ ಎಂದು ತೋರಿಸಲು ಹಲ್ಲುಜ್ಜುವ ಬ್ರಷ್ ಹಿಡಿದು ಬಂದಿದ್ದರು. ಮಕ್ಕಳಿಗೆ ಅಕ್ಷರ ಕಲಿಸುವ ಈ ಜನರೇ ಸಾಕ್ಷರತೆಯ ನೆಪದಲ್ಲಿ ಹೊರಗುಳಿದಿದ್ದರು. ವ್ಯವಸ್ಥೆಯ ಅನ್ಯಾಯಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಮಾರ್ಚ್ 7ರ ಭಾನುವಾರ

ಫೆಬ್ರವರಿಯಲ್ಲಿ ಪಕ್ಕದ ಮೇರಿಯನ್ ಊರಿನಲ್ಲಿ ಪೊಲೀಸ್ ಗುಂಡೇಟು ತಿಂದ ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕ ಪ್ರಾಣ ಬಿಟ್ಟ. ಇದರಿಂದ ನೊಂದು ಕೆರಳಿದ ಸುಮಾರು 600 ಮಂದಿ ರಾಜ್ಯದ ರಾಜಧಾನಿ ಮಾಂಟ್ಗೊಮೆರಿಯತ್ತ ಪಾದಯಾತ್ರೆ ಹೊರಟರು. ಎಡ್ಮಂಡ್ ಪೆಟ್ಟಸ್ ಸೇತುವೆ ದಾಟುತ್ತಿದ್ದಂತೆ ಪೊಲೀಸರು ಲಾಠಿ, ಅಶ್ರುವಾಯುಗಳೊಂದಿಗೆ ಮೇಲೆ ಬಿದ್ದರು. ಮುಂಚೂಣಿಯಲ್ಲಿದ್ದ ಯುವ ಹೋರಾಟಗಾರ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಸೆಲ್ಮಾದ ಹೋರಾಟಗಾರ್ತಿ ಅಮೀಲಿಯಾ ಬಾಯ್ಂಟನ್ ಪ್ರಜ್ಞೆ ತಪ್ಪಿ ಬಿದ್ದರು.

ಅಂದು ರಾತ್ರಿ ಎಬಿಸಿ ವಾಹಿನಿ ನಾಜಿಗಳ ವಿಚಾರಣೆ ಕುರಿತ ಸಿನಿಮಾ ತೋರಿಸುತ್ತಿತ್ತು. ಅದನ್ನು ನಡುವೆ ನಿಲ್ಲಿಸಿ ಸೇತುವೆಯ ದೃಶ್ಯ ಬಿತ್ತರಿಸಿತು. ಲಕ್ಷಾಂತರ ಮನೆಗಳಲ್ಲಿ ಜನ ಅದನ್ನು ಕಣ್ಣಾರೆ ಕಂಡರು.

ಸರ್ಕಾರ ಮಣಿದದ್ದು

ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನದ ಹಕ್ಕಿಗೆ ವಿರೋಧಿಯಾಗಿರಲಿಲ್ಲ. ಆದರೆ 1964ರ ನಾಗರಿಕ ಹಕ್ಕು ಕಾಯ್ದೆಯ ಬೆನ್ನಲ್ಲೇ ಮತ್ತೊಂದು ಮಸೂದೆಗೆ ಅವರು ಆತುರಪಡಲಿಲ್ಲ. ಸೆಲ್ಮಾ ಆ ಲೆಕ್ಕಾಚಾರವನ್ನೇ ಬದಲಿಸಿತು. ಎಂಟೇ ದಿನಗಳಲ್ಲಿ, ಮಾರ್ಚ್ 15ರಂದು, ಅವರು ಸಂಸತ್ತಿನ ಮುಂದೆ ನಿಂತು ಕಾನೂನು ಬೇಕೆಂದರು. ಫೆಡರಲ್ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಸೇತುವೆಯಲ್ಲಿ ತಡೆಯಲಾಗಿದ್ದ ಪಾದಯಾತ್ರೆಗೆ ಅನುಮತಿ ಕೊಟ್ಟರು. ಆಗಸ್ಟ್ 6ರಂದು ಕಾಯ್ದೆಗೆ ಸಹಿ ಬಿತ್ತು.

ಹೋರಾಟಗಾರರ ಬೇಡಿಕೆ ಖಚಿತವಾಗಿದ್ದರಿಂದ ಪರಿಹಾರವೂ ಖಚಿತವಾಗಿಯೇ ಬಂತು. ಸಾಕ್ಷರತಾ ಪರೀಕ್ಷೆಗೆ ತಡೆ ಬಿತ್ತು. ಭೇದಭಾವದ ಚರಿತ್ರೆಯಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಾಯಿತು. ಇದೇ ಕಾಯ್ದೆಯ ನಿಜವಾದ ಬಲ: ಅನ್ಯಾಯವಾಗಿದೆ ಎಂದು ಸಾಬೀತುಪಡಿಸುವ ಹೊಣೆ ನೊಂದವರ ಹೆಗಲಿನಿಂದ ಇಳಿಯಿತು. ಮಿಸಿಸಿಪ್ಪಿಯಲ್ಲಿ ಶೇ 7ನ್ನೂ ಮುಟ್ಟದಿದ್ದ ಕಪ್ಪು ಮತದಾರರ ನೋಂದಣಿ 1967ರ ವೇಳೆಗೆ ಶೇ 60ರ ಸಮೀಪ ಬಂತು.

ಸಂಶೋಧಕರು ಕಂಡದ್ದು

1960ರ ದಶಕದ ಪ್ರತಿಭಟನೆಗಳನ್ನು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞ ಒಮರ್ ವಾಸೊ 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಶಾಂತಿಯುತ ಹೋರಾಟದ ಮೇಲೆ ದಬ್ಬಾಳಿಕೆ ನಡೆದಾಗ ಸುದ್ದಿಯೂ ಜನಾಭಿಪ್ರಾಯವೂ ಹಕ್ಕುಗಳತ್ತ ವಾಲಿದವು. ಹೋರಾಟಗಾರರೇ ಹಿಂಸೆಗಿಳಿದಾಗ ಚರ್ಚೆ ಕಾನೂನು ಸುವ್ಯವಸ್ಥೆಯತ್ತ ಹೊರಳಿತು. ಆದರೂ ಇದು ಕಟ್ಟಳೆಯಲ್ಲ. ಸಂಸತ್ತಿನಲ್ಲಿ ಕುಂಟುತ್ತಿದ್ದ, ವಸತಿಯಲ್ಲಿ ತಾರತಮ್ಯ ತಡೆಯುವ ಮಸೂದೆ ಕಾನೂನಾದದ್ದು 1968ರ ಏಪ್ರಿಲ್ 11ರಂದು. ನಾಗರಿಕ ಹಕ್ಕು ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ, ಹಲವು ನಗರಗಳು ಹೊತ್ತಿ ಉರಿದ ವಾರ ಅದು.

ಗಳಿಸಿದ್ದು ಕೈಜಾರಿದಾಗ

2013ರಲ್ಲಿ ಸುಪ್ರೀಂ ಕೋರ್ಟ್, ಮತದಾನ ಹಕ್ಕು ಕಾಯ್ದೆಯಡಿ ಯಾವ ಪ್ರದೇಶಗಳು ಕೇಂದ್ರದ ಪೂರ್ವಾನುಮತಿ ಪಡೆಯಬೇಕು ಎಂದು ಗುರುತಿಸುವ ಸೂತ್ರವನ್ನು 5–4 ಮತಗಳಿಂದ ರದ್ದುಪಡಿಸಿತು. ಮೊಕದ್ದಮೆ ಹೂಡಿದ್ದು ಅಲಬಾಮಾದ್ದೇ ಶೆಲ್ಬಿ ಕೌಂಟಿ. ಈ ಕಾಯ್ದೆಯಡಿ ತಡೆಹಿಡಿಯಲಾಗಿದ್ದ ತನ್ನ ಮತದಾರರ ಗುರುತುಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಟೆಕ್ಸಾಸ್ ಅದೇ ದಿನ ಘೋಷಿಸಿತು.