ಹಳೆಯ ಭಾವಚಿತ್ರಗಳನ್ನು ಗಣಕಯಂತ್ರದಲ್ಲಿ ಸರಿಪಡಿಸುವ ಮೂಲ ಕ್ರಮಗಳು

ಪೀಠಿಕೆ

ಹಂಸಭಾವಿ ಹಾಗೂ ಸುತ್ತಲಿನ ಗ್ರಾಮಗಳ ಮನೆಗಳಲ್ಲಿ ಗೋಡೆಗೆ ತೂಗುಹಾಕಿರುವ ಹಿರಿಯರ ಭಾವಚಿತ್ರಗಳು ಮಳೆಗಾಲದ ತೇವಾಂಶದಿಂದ ಕಲೆಗಟ್ಟಿ ಮಾಸುವುದು ಸಾಮಾನ್ಯ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಹಾವೇರಿ ಜಿಲ್ಲೆಯ ನದಿತೀರದ ಅನೇಕ ಮನೆಗಳಿಗೆ ನೀರು ನುಗ್ಗಿತ್ತು. ಗತಿಸಿದವರ ಚಿತ್ರವು ಎಷ್ಟೋ ಕುಟುಂಬಗಳಲ್ಲಿ ಒಂದೇ ಪ್ರತಿಯಾಗಿ ಉಳಿದಿರುತ್ತದೆ. ಅಂತಹ ಚಿತ್ರಗಳನ್ನು ಸರಿಪಡಿಸಿಕೊಳ್ಳುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಅನುಸರಿಸಬೇಕಾದ ಕ್ರಮಗಳು

1. ಸ್ಕ್ಯಾನಿಂಗ್: ಗಾಜಿಗೆ ಅಂಟಿಕೊಂಡಿರುವ ಚಿತ್ರವನ್ನು ಬಲವಂತವಾಗಿ ಕೀಳಬಾರದು, ಗಾಜಿನ ಸಹಿತವೇ ಸ್ಕ್ಯಾನ್ ಮಾಡಿಸಬೇಕು. 2 ಅಂಗುಲ ಅಗಲದ ಚಿತ್ರವನ್ನು 600 ಡಿಪಿಐ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿದಲ್ಲಿ 1200 ಪಿಕ್ಸೆಲ್ ದೊರೆಯುತ್ತದೆ. ಇದನ್ನು 300 ಡಿಪಿಐಯಲ್ಲಿ 4 ಅಂಗುಲ ಅಗಲಕ್ಕೆ ಮುದ್ರಿಸಬಹುದು.

2. ಮೂಲ ಪ್ರತಿ: ಸ್ಕ್ಯಾನ್ ಮಾಡಿದ ಕಡತವನ್ನು ಟಿಫ್ ರೂಪದಲ್ಲಿ ಪ್ರತ್ಯೇಕವಾಗಿ ಕಾಯ್ದಿರಿಸಿ, ಅದರ ನಕಲಿನಲ್ಲಿ ಮಾತ್ರ ತಿದ್ದುಪಡಿ ಮಾಡತಕ್ಕದ್ದು.

3. ಬೆಳಕು: ಉಚಿತವಾಗಿ ದೊರೆಯುವ ಜಿಂಪ್ ತಂತ್ರಾಂಶದ 'ಲೆವೆಲ್ಸ್' ಸೌಲಭ್ಯದಿಂದ ಮಾಸಿದ ಚಿತ್ರದ ಕಪ್ಪು-ಬಿಳುಪನ್ನು ಸರಿಹೊಂದಿಸಬಹುದು.

4. ಕಲೆ ಮತ್ತು ಗೀರು: 'ಕ್ಲೋನ್' ಸಾಧನವು ಒಂದು ಭಾಗವನ್ನು ಇದ್ದಂತೆಯೇ ಇನ್ನೊಂದೆಡೆಗೆ ನಕಲಿಸುತ್ತದೆ. 'ಹೀಲ್' ಸಾಧನವು ನಕಲಿಸಿದ ಭಾಗವನ್ನು ಸುತ್ತಲಿನ ಬಣ್ಣ ಹಾಗೂ ಬೆಳಕಿಗೆ ಹೊಂದಿಸುತ್ತದೆ. ಹಿನ್ನೆಲೆ ಮತ್ತು ಉಡುಪಿನ ಅಂಚುಗಳಿಗೆ ಮೊದಲನೆಯದು, ಚರ್ಮದ ಮೇಲಿನ ಕಲೆಗಳಿಗೆ ಎರಡನೆಯದು ಸೂಕ್ತ.

5. ಮುಖ: ಕಣ್ಣು, ಮೂಗು ಅಥವಾ ಬಾಯಿಯ ಭಾಗ ಅಳಿಸಿಹೋಗಿದ್ದಲ್ಲಿ ಊಹೆಯಿಂದ ತುಂಬಬಾರದು. ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಮಾತ್ರದಲ್ಲಿ ಸ್ಪಷ್ಟ ಮುಖವನ್ನು ರಚಿಸಿಕೊಡುತ್ತವೆ. ಆದರೆ ಅದು ಆ ವ್ಯಕ್ತಿಯ ಮುಖವೇ ಆಗಿರಬೇಕೆಂದಿಲ್ಲ. ಅವರನ್ನು ಕಾಣದ ಮೊಮ್ಮಕ್ಕಳು ಮುಂದೆ ಅದನ್ನೇ ನಿಜವೆಂದು ನಂಬುವರು. ಆದ್ದರಿಂದ ಕುಟುಂಬದ ಹಿರಿಯರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಸಂದೇಹವಿದ್ದಲ್ಲಿ ಕಲೆಯನ್ನು ಹಾಗೆಯೇ ಬಿಡುವುದು ಲೇಸು.

ದಾಖಲೆಗಳ ಕುರಿತು ಸೂಚನೆ

ಮೇಲಿನ ಕ್ರಮಗಳು ಮನೆಯ ನೆನಪಿನ ಚಿತ್ರಗಳಿಗೆ ಮಾತ್ರ ಅನ್ವಯಿಸುತ್ತವೆ. ಪಾಸ್‌ಪೋರ್ಟ್ ಅರ್ಜಿಯ ಭಾವಚಿತ್ರ, ಹಾನಿಗೊಳಗಾದ ಮನೆ ಅಥವಾ ಬೆಳೆಯ ಚಿತ್ರ ಇವುಗಳನ್ನು ತಿದ್ದಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ಚಿತ್ರದಲ್ಲಿ ಒಂದು ಚುಕ್ಕೆಯನ್ನು ಬದಲಿಸಿ ಉಳಿಸಿದರೂ ಈ ಮೌಲ್ಯ ಬದಲಾಗುತ್ತದೆ. ಆದುದರಿಂದ ಕ್ಯಾಮೆರಾ ಅಥವಾ ಮೊಬೈಲಿನಲ್ಲಿ ತೆಗೆದ ಮೂಲ ಕಡತವನ್ನು ಯಥಾವತ್ತಾಗಿ ಕಾಯ್ದಿರಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.