ಶಾಲೆಯ ಗುಮಾಸ್ತರ ನೇಮಕಾತಿ: ಕ್ಯಾಲಿಫೋರ್ನಿಯಾದ ಮೆರಿಟ್ ಸಿಸ್ಟಮ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಇವಕ್ಕೆ ಮತದಾರರು ಆರಿಸಿದ ಆಡಳಿತ ಮಂಡಳಿ ಇರುತ್ತದೆ. ಮಂಡಳಿಯ ಕೆಳಗೆ ದುಡಿಯುವವರಲ್ಲಿ ಶಿಕ್ಷಕರದು ಒಂದು ವರ್ಗ. ಗುಮಾಸ್ತರು, ಬಸ್ ಚಾಲಕರು, ಅಡುಗೆಯವರು, ಕಟ್ಟಡ ಗುಡಿಸಿ ಒರೆಸುವವರು, ತರಗತಿಯ ಸಹಾಯಕರು ಇನ್ನೊಂದು ವರ್ಗ. ಕಾನೂನು ಇವರನ್ನು ಕ್ಲಾಸಿಫೈಡ್ ನೌಕರರು ಎನ್ನುತ್ತದೆ. ಶಿಕ್ಷಕರಿಗೆ ಪ್ರಮಾಣಪತ್ರದ ಬಲವಿತ್ತು, 1921ರ ಹೊತ್ತಿಗೆ ಸೇವಾ ಭದ್ರತೆಯ ಕಾನೂನೂ ಬಂದಿತ್ತು. ಬೋಧಕೇತರ ಸಿಬ್ಬಂದಿಗೆ ಅಂಥ ರಕ್ಷಣೆ ಇರಲಿಲ್ಲ. ಮಂಡಳಿ ಬದಲಾದರೆ ಅವರ ಕೆಲಸವೂ ಹೋಗಬಹುದಿತ್ತು.

ಗೆದ್ದ ಪಕ್ಷ ತನ್ನವರಿಗೆ ಹುದ್ದೆ ಹಂಚುವ ರೂಢಿ 19ನೆಯ ಶತಮಾನದ ಅಮೆರಿಕದಲ್ಲಿ ಬೇರೂರಿತ್ತು. 1881ರಲ್ಲಿ ಹುದ್ದೆ ಸಿಗದೆ ಕ್ರುದ್ಧನಾದವನೊಬ್ಬ ಅಧ್ಯಕ್ಷ ಗಾರ್ಫೀಲ್ಡ್‌ ಅವರಿಗೆ ಗುಂಡು ಹಾರಿಸಿದ. ಅವರು ತೀರಿಕೊಂಡ ಮೇಲೆ, 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂದು ಕೇಂದ್ರ ಸರ್ಕಾರದ ಕೆಲವು ಹುದ್ದೆಗಳಿಗೆ ಪರೀಕ್ಷೆ ಕಡ್ಡಾಯವಾಯಿತು. ಕ್ಯಾಲಿಫೋರ್ನಿಯಾ ರಾಜ್ಯ 1913ರಲ್ಲಿ ತನ್ನ ನೌಕರರಿಗೂ ಇದೇ ಪದ್ಧತಿ ತಂದಿತು. ಆದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ರಾಜ್ಯ ಸರ್ಕಾರದ ಇಲಾಖೆಗಳಾಗಿರಲಿಲ್ಲ, ಹೆಚ್ಚಿನವು ನಗರಸಭೆಗೂ ಸೇರಿರಲಿಲ್ಲ. ಹೀಗಾಗಿ ಅವುಗಳ ನೌಕರರಲ್ಲಿ ಬಹುಪಾಲು ಜನ ಈ ಸುಧಾರಣೆಯ ಹೊರಗೇ ಉಳಿದರು.

ಕೆಲಸ ಕಳೆದುಕೊಂಡರೆ ಮತ್ತೊಂದು ಸಿಗದ 1930ರ ದಶಕದ ಆರ್ಥಿಕ ಕುಸಿತದಲ್ಲಿ ಈ ಕೊರತೆ ಕ್ರೂರವಾಗಿ ಬಯಲಾಯಿತು. ಚುನಾವಣೆಯ ಬೆನ್ನಿಗೇ ಒಂದು ದೊಡ್ಡ ಡಿಸ್ಟ್ರಿಕ್ಟ್‌ನ ಮಂಡಳಿ ತನ್ನವರಿಗೆ ಜಾಗ ಮಾಡಿಕೊಡಲು 700ಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು. ಆ ಹಗರಣದ ಫಲವಾಗಿ 1936ರಲ್ಲಿ ಶಾಲಾ ನೌಕರರಿಗೆಂದೇ, ಪರೀಕ್ಷೆಯ ಮೂಲಕ ಅರ್ಹರನ್ನು ನೇಮಿಸುವ ಮೆರಿಟ್ ಸಿಸ್ಟಮ್ ಕಾನೂನು ಜಾರಿಯಾಯಿತು.

ಈ ಕಾನೂನಿನ ಜಾಣ್ಮೆ ಇರುವುದು ಪರೀಕ್ಷೆಯಲ್ಲಿ ಮಾತ್ರವಲ್ಲ. ಪರೀಕ್ಷೆ ನಡೆಸುವವರೇ ಮಂಡಳಿಯ ಕೈಗೊಂಬೆಗಳಾದರೆ ಅಂಕಪಟ್ಟಿಗೆ ಬೆಲೆಯೇನು? ಅದಕ್ಕಾಗಿ ಪರ್ಸನಲ್ ಕಮಿಷನ್ ಎಂಬ ಪ್ರತ್ಯೇಕ ಆಯೋಗವನ್ನು ರೂಪಿಸಲಾಯಿತು. ಸಾಮಾನ್ಯವಾಗಿ ಅದರಲ್ಲಿ ಮೂವರು ಸದಸ್ಯರು: ಒಬ್ಬರು ಮಂಡಳಿಯ ಆಯ್ಕೆ, ಒಬ್ಬರು ಕ್ಲಾಸಿಫೈಡ್ ನೌಕರರು ಸೂಚಿಸಿದವರು, ಮೂರನೆಯವರು ಆ ಇಬ್ಬರೂ ಸೇರಿ ಆರಿಸಿದವರು. ಅವಧಿ ಮೂರು ವರ್ಷ. ಮೂವರೂ ಒಟ್ಟಿಗೆ ನಿವೃತ್ತರಾಗದಂತೆ ಅವಧಿಗಳನ್ನು ಹಿಂದುಮುಂದಾಗಿ ಇಡಲಾಗುತ್ತದೆ. ಸದಸ್ಯರಾಗುವವರು ಆ ಪ್ರದೇಶದ ಮತದಾರರಾಗಿರಬೇಕು, ಅರ್ಹತೆಯ ತತ್ತ್ವದಲ್ಲಿ ನಂಬಿಕೆಯುಳ್ಳವರೆಂದು ಹೆಸರಾಗಿರಬೇಕು. ಡಿಸ್ಟ್ರಿಕ್ಟ್‌ನ ನೌಕರರಿಗಾಗಲಿ ಮಂಡಳಿಯ ಸದಸ್ಯರಿಗಾಗಲಿ ಇಲ್ಲಿ ಸ್ಥಾನವಿಲ್ಲ.

ಯಾವ ಹುದ್ದೆಯಲ್ಲಿ ಏನು ಕೆಲಸ ಎಂಬುದನ್ನು ಮಂಡಳಿ ಹೇಳುತ್ತದೆ. ಆ ಹುದ್ದೆ ಯಾವ ವರ್ಗಕ್ಕೆ ಸೇರಬೇಕೆಂಬುದನ್ನು ಆಯೋಗ ತೀರ್ಮಾನಿಸುತ್ತದೆ. ಪರೀಕ್ಷೆ ನಡೆಸಿ ಅರ್ಹರ ಪಟ್ಟಿ ಸಿದ್ಧಪಡಿಸುವುದೂ ಆಯೋಗದ ಕೆಲಸವೇ. ಬಹುಕಾಲದ ನಿಯಮದಂತೆ ಪಟ್ಟಿಯ ಮೊದಲ ಮೂರು ರ‍್ಯಾಂಕ್‌ಗಳಲ್ಲಿ ಬಂದವರೊಳಗಿಂದಲೇ ನೇಮಕ ಆಗಬೇಕು. ಆರಿಸುವವರಿಗೆ ಒಂದಿಷ್ಟು ವಿವೇಚನೆ ಉಳಿಯುತ್ತದೆ, ಆದರೆ ಪಟ್ಟಿಯ ತಳದಲ್ಲಿರುವ ಬಂಧುವನ್ನು ಮೇಲೆತ್ತಲು ಬಾರದು. ಅರ್ಜಿದಾರರ ರಾಜಕೀಯ ಅಥವಾ ಧಾರ್ಮಿಕ ಅಭಿಪ್ರಾಯವನ್ನು ಕೇಳುವುದೂ ನಿಷಿದ್ಧ. ಎಲ್ಲಕ್ಕಿಂತ ಬಿಗಿಯಾದ ಕಟ್ಟು ಸಂಬಳದ್ದು: ನೇಮಕ ನಿಯಮದಂತೆ ಆಗಿದೆಯೆಂದು ಖಾತ್ರಿಯಾಗದೆ ವೇತನ ಪಾವತಿಯಾಗುವಂತಿಲ್ಲ. ಶಿಫಾರಸಿನಿಂದ ಬಂದವನಿಗೆ ಕುರ್ಚಿ ಸಿಕ್ಕರೂ ಸಂಬಳ ಸಿಗದು. ಬೇರೆ ಯಾವ ಉಪದೇಶಕ್ಕೂ ಈ ಬಲ ಬರುತ್ತಿರಲಿಲ್ಲ.

ಕಾಯಂ ನೌಕರರನ್ನು ವಜಾ, ಅಮಾನತು ಅಥವಾ ಹಿಂಬಡ್ತಿ ಮಾಡಿದರೆ ಅವರು ಆರೋಪಪಟ್ಟಿ ಕೈಸೇರಿದ 14 ದಿನಗಳೊಳಗೆ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆಯ ನಂತರ ಆಯೋಗ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು, ತಪ್ಪಿಹೋದ ಸಂಬಳ ಕೊಡಲು ಆದೇಶಿಸಬಲ್ಲದು. ಮಂಡಳಿ ಆ ತೀರ್ಪನ್ನು ಬದಲಿಸುವಂತಿಲ್ಲ.

ವೇತನದ ವಿಷಯದಲ್ಲಿ ಆಯೋಗದ ಕೈ ಅಷ್ಟು ಉದ್ದವಿಲ್ಲ. ಅದು ಶಿಫಾರಸು ಮಾಡುತ್ತದೆ, ಒಪ್ಪುವುದು ಬಿಡುವುದು ಮಂಡಳಿಗೆ ಸೇರಿದ್ದು. 1975ರ ರಾಡ್ಡಾ ಕಾಯ್ದೆ ಶಾಲಾ ನೌಕರರ ಸಂಘಗಳಿಗೆ ಸಾಮೂಹಿಕ ಚೌಕಾಸಿಯ ಹಕ್ಕು ಕೊಟ್ಟ ಮೇಲೆ ಸಂಬಳದ ಮಾತುಕತೆ ಸಂಘ ಮತ್ತು ಮಂಡಳಿಗಳ ನಡುವೆ ನಡೆಯತೊಡಗಿತು. ಸಂಘವಿದ್ದ ಮೇಲೆ ಆಯೋಗವೇಕೆ ಎಂಬ ವಾದಕ್ಕೆ ಇಲ್ಲಿ ಗಟ್ಟಿ ಆಧಾರವಿಲ್ಲ. ಸಂಘ ಕಾಯುವುದು ಒಳಗಿದ್ದವರನ್ನು. ಬಾಗಿಲ ಹೊರಗೆ ಅರ್ಜಿ ಹಿಡಿದು ನಿಂತ ಅಪರಿಚಿತರ ಪರವಾಗಿ ನಿಲ್ಲುವುದು ನ್ಯಾಯವಾದ ಪರೀಕ್ಷೆ ಮಾತ್ರ.

ಈ ವ್ಯವಸ್ಥೆ ಎಲ್ಲೆಡೆ ಕಡ್ಡಾಯವಲ್ಲ. ಮಂಡಳಿ ತಾನಾಗಿ ಒಪ್ಪಬಹುದು, ಇಲ್ಲವೇ ನೌಕರರು ಸಹಿ ಸಂಗ್ರಹಿಸಿ ಮತದಾನದ ಮೂಲಕ ತರಬಹುದು. ಲಾಸ್ ಏಂಜಲೀಸ್, ಲಾಂಗ್ ಬೀಚ್‌ನಂಥ ದೊಡ್ಡ ಡಿಸ್ಟ್ರಿಕ್ಟ್‌ಗಳಲ್ಲಿ ಅದು ನೆಲೆಯೂರಿದೆ. ಸಮುದಾಯ ಕಾಲೇಜುಗಳಿಗೂ ಇಂಥದೇ ಕಾನೂನಿದೆ. ರಾಜ್ಯದ ಬಹುಪಾಲು ಡಿಸ್ಟ್ರಿಕ್ಟ್‌ಗಳು ಇದನ್ನು ಅಳವಡಿಸಿಕೊಂಡಿಲ್ಲ. ಅಲ್ಲಿ ಗುಮಾಸ್ತರನ್ನು, ಚಾಲಕರನ್ನು ನೇಮಿಸುವ ಅಧಿಕಾರ ಚುನಾಯಿತ ಮಂಡಳಿಯದೇ.